ಶೆಡ್ಡಿನ ಲೇತ್ ಯಾರ ಪಾಲು?

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಲೇತ್, ಅಂದರೆ ಲೋಹ ಕಡೆಯುವ ಯಂತ್ರ, ಇಟ್ಟುಕೊಂಡು, ಮೇಜಿನ ಮೇಲೆ ಕೂರುವಷ್ಟು ಚಿಕ್ಕ ಉಗಿ ಎಂಜಿನ್ ಮಾಡುವವರು ಇದ್ದಾರೆ. ಆಟಿಕೆ ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಬೆಂಕಿ ಹಾಕಿದರೆ ನೀರು ಕುದಿಯುತ್ತದೆ, ಪಿಸ್ಟನ್ ಓಡುತ್ತದೆ, ಚಕ್ರ ತಿರುಗುತ್ತದೆ. ಇವರಿಗೆ ಮಾಡೆಲ್ ಎಂಜಿನಿಯರ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಇದು ದೊಡ್ಡ ಹವ್ಯಾಸ. 1898ರಲ್ಲೇ ಪರ್ಸಿವಲ್ ಮಾರ್ಷಲ್ ಎಂಬವರು ಇದಕ್ಕೆಂದು ಪತ್ರಿಕೆ ಶುರು ಮಾಡಿದರು. ಅದೇ ವರ್ಷ ಲಂಡನ್ನಿನಲ್ಲಿ ಸಂಘವೂ ಹುಟ್ಟಿತು. ನಮ್ಮ ಮಂಗಳೂರು, ಉಡುಪಿ ಕಡೆ ಸಂಘ, ಪತ್ರಿಕೆ ಅಂತ ಗದ್ದಲ ಇಲ್ಲದಿದ್ದರೂ, ವರ್ಕ್‌ಶಾಪಿನಲ್ಲಿ ಕೈ ಪಳಗಿಸಿಕೊಂಡು, ರಿಟೈರ್ ಆದ ಮೇಲೆ ಸುಮ್ನೆ ಕೂರಲಾಗದೆ ಏನಾದರೂ ಮಾಡುತ್ತಲೇ ಇರುವ ಟರ್ನರ್, ಫಿಟ್ಟರ್‌ಗಳು ಉಂಟು.

ಇವತ್ತು ನಾನು ಹೇಳಹೊರಟಿದ್ದು ಇವರು ತೀರಿಕೊಂಡ ಮೇಲಿನ ಮಾತು. ಮಾಡಿಟ್ಟ ಮಾಡೆಲ್‌ಗಳು ಎಲ್ಲಿಗೆ ಹೋಗುತ್ತವೆ? ಟೂಲ್‌ಗಳ ಗತಿ ಏನು?

ಮಾಡೆಲ್‌ಗಳ ಬಗ್ಗೆ ಅಷ್ಟೇನೂ ಚಿಂತೆ ಬೇಡ. ನೋಡಲು ಚೆಂದ ಇರುತ್ತವೆ, ಯಾರಾದರೂ ಕೈ ಹಿಡಿಯುತ್ತಾರೆ. ಇಂಗ್ಲೆಂಡಿನ ಚೆರ್ರಿ ಹಿಲ್ ಎಂಬ ಮಹಿಳೆಯ ಹೆಸರು ಈ ವಲಯದಲ್ಲಿ ಎಲ್ಲರಿಗೂ ಗೊತ್ತು. ಹಳೆಯ ಕಾಲದ ಉಗಿ ಟ್ರ್ಯಾಕ್ಟರುಗಳನ್ನು ಹದಿನಾರನೇ ಒಂದು ಪಾಲು ಅಳತೆಯಲ್ಲಿ ಮಾಡಿದವರು. ಡ್ಯೂಕ್ ಆಫ್ ಎಡಿನ್‌ಬರೋ ಟ್ರೋಫಿಯನ್ನು 9 ಸಲ ಗೆದ್ದವರು. ಅವರು ತಮ್ಮ ಮಾಡೆಲ್‌ಗಳಲ್ಲಿ ಹೆಚ್ಚಿನವನ್ನು ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗೆ ಕೊಟ್ಟುಬಿಟ್ಟರು. ಯಾರಿಗೆ ಕೊಡಬೇಕು ಅಂತ ತಾವೇ ತೀರ್ಮಾನಿಸಿದರು, ಮನೆಯವರ ತಲೆಗೆ ಹೊರೆ ಬಿಡಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಚಿಕ್ಕ ಲೇತ್‌ಗಳನ್ನು ತಯಾರಿಸುವ ಶೆರ್ಲೈನ್ ಕಂಪನಿಯ ಜೋ ಮಾರ್ಟಿನ್, ಇಂಥ ಕುಶಲಕರ್ಮಿಗಳಿಗೆಂದೇ ಒಂದು ಮ್ಯೂಸಿಯಂ ಕಟ್ಟಿದರು.

ಟೂಲ್‌ಗಳ ಕತೆ ಹಾಗಲ್ಲ. ಮೈಫೋರ್ಡ್ ಎಂಎಲ್ 7 ಲೇತ್ ಮಾರುಕಟ್ಟೆಗೆ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ. ಆಮೇಲೆ ಇಂಗ್ಲೆಂಡಿನ ಶೆಡ್ಡುಗಳಲ್ಲೆಲ್ಲ ಅದೇ. ಎಷ್ಟೇ ದೊಡ್ಡ ಹೆಸರಿನವರ ಮೈಫೋರ್ಡ್ ಆದರೂ ಪಕ್ಕದ ಬೀದಿಯವರ ಮೈಫೋರ್ಡಿನ ಹಾಗೆಯೇ ಕಾಣುತ್ತದೆ. ಮ್ಯೂಸಿಯಂನವರು ಅದನ್ನು ತಗೊಂಡು ಏನು ಮಾಡಬೇಕು? ಜಾಗ ಬೇಕು, ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳಲು ಜನ ಬೇಕು. ಲಂಡನ್ನಿನ ಹೋಲ್ಟ್‌ಜಾಫೆಲ್ ಮನೆತನದ ಲೇತ್‌ಗಳು ಇದಕ್ಕೆ ಹೊರತು. 18ನೇ ಶತಮಾನದ ಕೊನೆಯಿಂದ ಅವರು ಮಾಡಿದ ಲೇತ್‌ಗಳಿಗೆ ನಂಬರ್ ಹೊಡೆದಿದ್ದಾರೆ. ಹಾಗಾಗಿ ಯಾವ ನಂಬರಿನದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಇವತ್ತಿಗೂ ಹುಡುಕುವವರಿದ್ದಾರೆ.

ಹಾಗಾದರೆ ಪೂರ್ತಿ ವರ್ಕ್‌ಶಾಪ್ ಉಳಿದದ್ದೇ ಇಲ್ಲವಾ? ಉಳಿದಿದೆ. ಜೇಮ್ಸ್ ವಾಟ್‌ನದು.

ವಾಟ್ ಉಗಿ ಎಂಜಿನ್ನಿನ ಹಿಂದೆ ಬಿದ್ದದ್ದೇ ಒಂದು ಮಾಡೆಲ್ಲಿನಿಂದ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆಂದು ಇಟ್ಟಿದ್ದ ನ್ಯೂಕಮನ್ ಎಂಜಿನ್ನಿನ, ಅಂದರೆ ವಾಟ್‌ಗಿಂತ ಮೊದಲಿನ ಉಗಿ ಎಂಜಿನ್ನಿನ, ಪುಟ್ಟ ಮಾಡೆಲ್ ಕೆಟ್ಟಿತ್ತು. 1763ರ ಚಳಿಗಾಲದಲ್ಲಿ ಅದು ರಿಪೇರಿಗೆ ಬಂತು. ಕೆಲವು ಸಲ ಆಡಿ ನಿಲ್ಲುತ್ತಿತ್ತು. ಪ್ರತಿ ಸಲವೂ ಸಿಲಿಂಡರ್ ತಣ್ಣಗಾಗಿ, ಮತ್ತೆ ಬಿಸಿಯಾಗಲು ಉಗಿಯೆಲ್ಲ ಪೋಲಾಗುತ್ತಿದೆ ಅಂತ ವಾಟ್ ಕಂಡುಕೊಂಡ. ಉಗಿಯನ್ನು ಬೇರೆ ಪಾತ್ರೆಯಲ್ಲಿ ತಣಿಸುವ ಉಪಾಯ ಹೊಳೆದದ್ದು 1765ರಲ್ಲಿ. ಆ ಮಾಡೆಲ್ ಇವತ್ತಿಗೂ ಗ್ಲಾಸ್ಗೋದ ಹಂಟೇರಿಯನ್ ಮ್ಯೂಸಿಯಂನಲ್ಲಿದೆ.

ಮುಪ್ಪಿನಲ್ಲಿ ವಾಟ್ ಬರ್ಮಿಂಗ್‌ಹ್ಯಾಮ್ ಹತ್ತಿರದ ತನ್ನ ಮನೆಯ ಅಟ್ಟದಲ್ಲಿ ಕೂತು, ಕಲ್ಲಿನ ಮೂರ್ತಿಗಳನ್ನು ನಕಲು ಮಾಡುವ ಯಂತ್ರಗಳನ್ನು ಕಟ್ಟುತ್ತಿದ್ದ. 1819ರಲ್ಲಿ ತೀರಿಕೊಂಡ. ಮನೆಯವರು ಆ ಅಟ್ಟದ ಕೋಣೆಗೆ ಬೀಗ ಹಾಕಿ ಹೆಚ್ಚು ಕಡಿಮೆ ಹಾಗೇ ಬಿಟ್ಟರು. ನೂರು ವರ್ಷ ದಾಟಿದ ಮೇಲೆ, 1924ರಲ್ಲಿ, ಲಂಡನ್ನಿನ ಸೈನ್ಸ್ ಮ್ಯೂಸಿಯಂನವರು ಇಡೀ ಕೋಣೆಯನ್ನೇ ಎತ್ತಿಕೊಂಡು ಹೋದರು. ಟೂಲ್ ಮಾತ್ರ ಅಲ್ಲ. ಬಾಗಿಲು, ಕಿಟಕಿ, ನೆಲದ ಹಲಗೆ, ಎಲ್ಲ. ವಸ್ತುಗಳ ಲೆಕ್ಕವೇ 8,000 ದಾಟುತ್ತದೆ. ಮನೆಯನ್ನು ಆಮೇಲೆ ಕೆಡವಿದರು. 2011ರ ಹೊತ್ತಿಗೆ ಅಲ್ಲಿದ್ದ ಒಂದು ಅಚ್ಚನ್ನು ಸ್ಕ್ಯಾನ್ ಮಾಡಿ ನೋಡಿದರೆ, ಅದರಿಂದ ಮೂಡಿದ್ದು ವಾಟ್‌ನದೇ ಮುಖ! ತುಂಡು ತುಂಡಾಗಿ ಹರಾಜು ಹಾಕಿದ್ದರೆ ಆ ಪ್ಲಾಸ್ಟರ್ ಗಟ್ಟಿಯನ್ನು ಯಾರು ಕೊಳ್ಳುತ್ತಿದ್ದರು, ಹೇಳಿ?

ಇದನ್ನು ಓದುವಾಗ ನನಗೆ ಮಣಿಪಾಲದ ವಿಜಯನಾಥ ಶೆಣೈ ಅವರ ನೆನಪು ಬರುತ್ತದೆ. ಕೆಡವಲು ಹೊರಟ ಮನೆಗಳನ್ನು ಕಂಬ, ತೊಲೆ ಸಮೇತ ಬಿಚ್ಚಿಸಿ ತಂದು ತಮ್ಮ 'ಹಸ್ತಶಿಲ್ಪ' ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದರು ಅಲ್ವಾ? ಅಲ್ಲಿ ಹಳೆಯ ಪೇಟೆಯ ಅಂಗಡಿಗಳೂ ಇವೆ, ಅವುಗಳ ಸಾಮಾನು ಸಮೇತ. ಅಂಥ ಹಠ ಇರುವವರು ಎಷ್ಟು ಜನ ಸಿಗುತ್ತಾರೆ? ಎಲ್ಲ ಟರ್ನರ್‌ಗಳ ಶೆಡ್ಡನ್ನೂ ಹಾಗೆ ಉಳಿಸಲು ಆಗುವುದಿಲ್ಲ. ಉಳಿಸಬೇಕಾಗಿಯೂ ಇಲ್ಲ ಅಂತ ನನ್ನ ಅಭಿಪ್ರಾಯ. ಲೇತ್ ಇರುವುದು ತಿರುಗಲಿಕ್ಕೆ. ಗಾಜಿನ ಹಿಂದೆ ಕೂರಿಸುವುದಕ್ಕಿಂತ, ಇನ್ನೊಬ್ಬ ಹುಡುಗ ಅದರಲ್ಲಿ ಶಾಫ್ಟ್ ಕಡೆಯಲಿ. ಆಯುಧಪೂಜೆಗೆ ಅದಕ್ಕೆ ಅವನೇ ಕುಂಕುಮ ಹಚ್ಚಲಿ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಒಳ್ಳೆಯ ಕೆಲಸಗಾರ ಅಂಗಡಿಯ ಟೂಲ್ ಮಾತ್ರ ಬಳಸುವುದಿಲ್ಲ. ಒಂದು ಕೆಲಸಕ್ಕೆಂದೇ ತಾನೇ ಜಿಗ್, ಅಂದರೆ ತುಂಡನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಸಾಧನ, ಮಾಡುತ್ತಾನೆ, ಕಟ್ಟರ್ ಮಾಡುತ್ತಾನೆ. ಎಂಜಿನ್ನಿನ ಬುದ್ಧಿಯೆಲ್ಲ ಇರುವುದು ಅದರಲ್ಲೇ. ಆದರೆ ಆತ ಹೋದ ಮೇಲೆ ಅದು ಮನೆಯವರ ಕಣ್ಣಿಗೆ ತೂತು ಬಿದ್ದ ಕಬ್ಬಿಣದ ತುಂಡು. ನೇರ ಗುಜರಿಗೆ, ಕಿಲೋ ಲೆಕ್ಕದಲ್ಲಿ. ಸ್ಕ್ರೂವಿನ ಹಲ್ಲು ಕೊರೆಯುವ ಟ್ಯಾಪ್, ಡೈಗಳ ಡ್ರಾಯರ್ ನೋಡಿ. ಚಿಕ್ಕ ಬ್ರಿಟಿಷ್ ಮಾಡೆಲ್‌ಗಳಲ್ಲಿ ಬಿಎ ಎಂಬ ಹಳೆಯ ಅಳತೆಯ ಸ್ಕ್ರೂ ಜಾಸ್ತಿ. ಅದರ ಹಲ್ಲಿನ ಕೋನ ನಲವತ್ತೇಳೂವರೆ ಡಿಗ್ರಿ. ಈಗಿನ ಮೆಟ್ರಿಕ್ ಸ್ಕ್ರೂಗೆ 60. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಟ್ಯಾಪ್ ಒಂದು ಕಡೆ, ಮಾಡೆಲ್ ಇನ್ನೊಂದು ಕಡೆ ಹೋದರೆ, ನಾಳೆ ಒಂದು ಸ್ಕ್ರೂ ಬಿದ್ದುಹೋದರೂ ಕಷ್ಟ. ಒಂದು ಚೀಟಿ ಕಟ್ಟಿ "ಇದು ಇಂಥದ್ದಕ್ಕೆ" ಅಂತ ಬರೆದಿಟ್ಟರೆ ಸಾಕಿತ್ತು ಮಾರಾಯ್ರೇ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಅವಸರವೂ ಇದೆ. ವರ್ಷಾಂತಿಕ ಕಳೆಯಲಿ, ಆಮೇಲೆ ನೋಡುವ ಅನ್ನುತ್ತಾರೆ ಮನೆಯವರು. ದುಃಖದಲ್ಲಿ ಇರುವವರಿಗೆ ಬೇರೆ ಏನು ಹೇಳುವುದು? ಆದರೆ ಜೂನ್ ಕಾಯುವುದಿಲ್ಲ. ಉಪ್ಪಿನ ಗಾಳಿ, ಮೇಲೆ ಮಳೆಯ ತೇವ. ಒಂದು ಮಳೆಗಾಲ ಎಣ್ಣೆ ಕಾಣದಿದ್ದರೆ ಲೇತಿನ ಬೆಡ್, ಅಂದರೆ ಅದರ ಉದ್ದನೆಯ ಹಾಸು, ತುಕ್ಕು ಹಿಡಿದು ಕೆಂಪಾಗುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿ, ದಪ್ಪಗೆ ಗ್ರೀಸ್ ಹಚ್ಚಿ, ಮೇಲೆ ಹತ್ತಿ ಬಟ್ಟೆ ಹಾಕಿ. ಪ್ಲಾಸ್ಟಿಕ್ ಸುತ್ತಬೇಡಿ, ತೇವ ಒಳಗೇ ಉಳಿಯುತ್ತದೆ.

ಇನ್ನು ಕಾಗದ. ಎಲ್‌ಬಿಎಸ್‌ಸಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರೊಬ್ಬರು 1920ರ ದಶಕದಲ್ಲಿ, ಎರಡೂವರೆ ಇಂಚು ಅಗಲದ ಹಳಿಯ ಮೇಲಿನ ತಮ್ಮ ಪುಟ್ಟ ಎಂಜಿನ್ನಿನಿಂದ ಮನುಷ್ಯರನ್ನೇ ಎಳೆಸಿ ತೋರಿಸಿದರು. ಅವರು 1967ರಲ್ಲಿ ಹೋದರು. ಅವರ 'ಟಿಚ್' ಎಂಬ ಎಂಜಿನ್ನಿನ ಡ್ರಾಯಿಂಗ್ ನೋಡಿಕೊಂಡು ಇವತ್ತಿಗೂ ಜನ ಕಟ್ಟುತ್ತಿದ್ದಾರೆ. ಎಡ್ಗರ್ ವೆಸ್ಟ್‌ಬರಿ ಅವರ ಪೆಟ್ರೋಲ್ ಎಂಜಿನ್‌ಗಳಿಗೂ ಹಾಗೆಯೇ, ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಭಾಗ, ಈಗಲೂ ಸಿಗುತ್ತದೆ. ಹಾಗಾಗಿ ಎಣ್ಣೆ ಕಲೆ ಬಿದ್ದ ಹಳೆಯ ನೋಟ್‌ಬುಕ್ಕನ್ನು ರದ್ದಿಗೆ ಹಾಕುವ ಮೊದಲು, ಕೆಲಸ ಬಲ್ಲ ಯಾರಿಗಾದರೂ ತೋರಿಸಿ.

ಉಗಿ ಎಂಜಿನ್ ಆದರೆ ಬಾಯ್ಲರಿನ ಟೆಸ್ಟ್ ಕಾಗದವನ್ನೂ ಹುಡುಕಿ. ಬ್ರಿಟನ್ನಿನ ಕ್ಲಬ್ಬುಗಳಲ್ಲಿ ಹೊಸ ಬಾಯ್ಲರನ್ನು ಅದು ಕೆಲಸ ಮಾಡುವ ಒತ್ತಡದ ಎರಡು ಪಟ್ಟಿಗೆ ಏರಿಸಿ ನೋಡುತ್ತಾರೆ, ಮುಂದಿನ ಸಲಗಳಲ್ಲಿ ಒಂದೂವರೆ ಪಟ್ಟು. ಅದೂ ಉಗಿಯಿಂದ ಅಲ್ಲ, ತಣ್ಣೀರಿನಿಂದ. ತಣ್ಣೀರು ಇದ್ದಾಗ ಜೋಡಣೆ ಬಿಟ್ಟರೆ ಬರೀ ನೀರು ಸೋರುತ್ತದೆ, ಉಗಿ ಇದ್ದಾಗ ಬಿಟ್ಟರೆ ಪಕ್ಕದಲ್ಲಿದ್ದವರ ಕೈ ಮುಖ ಸುಡುತ್ತದೆ. ಕಾಗದ ಇಲ್ಲದ ಬಾಯ್ಲರಿಗೆ, ಎಷ್ಟೇ ದೊಡ್ಡವರು ಮಾಡಿದ್ದಿರಲಿ, ಹೊಸದಾಗಿ ಟೆಸ್ಟ್ ಆಗುವ ತನಕ ಬೆಂಕಿ ಹಾಕಬೇಡಿ. ಮೊಮ್ಮಕ್ಕಳು ಎಷ್ಟೇ ಹಠ ಮಾಡಲಿ.

ನಮಸ್ಕಾರ.