ಮುಂದೆ ವಾಲ್ವ್, ಹಿಂದೆ ಮಾಸ್ಫೆಟ್

ಸ್ವಿಚ್ ಹಾಕಿದ್ದೇನೆ, ಸ್ಪೀಕರ್ ಇನ್ನೂ ಸುಮ್ಮನಿದೆ. ಈ ಪೆಟ್ಟಿಗೆಯಲ್ಲಿರುವ ಇಸಿಸಿ 83 ಎಂಬ ಪುಟ್ಟ ವಾಲ್ವ್‌ನ, ಅಂದರೆ ಗಾಳಿ ತೆಗೆದ ಗಾಜಿನ ಕೊಳವೆಯ, ಹೀಟರ್ ಕೆಂಪಗಾಗಿ, ಕ್ಯಾಥೋಡ್ ಕಾದು, ಎಲೆಕ್ಟ್ರಾನ್‌ಗಳ ಹರಿವು ಒಂದು ಹದಕ್ಕೆ ಬರುವವರೆಗೆ ರಿಲೇ ಎಂಬ ವಿದ್ಯುತ್ತಿನಿಂದ ನಡೆಯುವ ಸ್ವಿಚ್ ಸ್ಪೀಕರನ್ನು ಬೇರೆಯಾಗಿಯೇ ಇಡುತ್ತದೆ. ಹಿಂದಿರುವ ಮಾಸ್ಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರ್‌ಗಳು ಆಗಲೇ ಸಿದ್ಧವಾಗಿವೆ. ಇದು ವಾಲ್ವ್ ಮತ್ತು ಟ್ರಾನ್ಸಿಸ್ಟರ್ ಎರಡನ್ನೂ ಕೂಡಿಸಿದ ಹೈಬ್ರಿಡ್ ಆಂಪ್ಲಿಫೈಯರ್.

ಇವೆರಡನ್ನೂ ಏಕೆ ಕೂಡಿಸಬೇಕು ಎಂಬುದಕ್ಕೆ ಎರಡು ಅಂಕಿಗಳೇ ಸಾಕು. 8 ಓಮ್‌ನ ಸ್ಪೀಕರಿಗೆ 10 ವ್ಯಾಟ್ ಕೊಡಬೇಕಾದರೆ ಕರೆಂಟು ಗರಿಷ್ಠ ಸುಮಾರು 1.6 ಆಂಪಿಯರ್‌ವರೆಗೆ ಏರಬೇಕು; ಈ ವಾಲ್ವ್‌ನೊಳಗಿನ ಎರಡು ಟ್ರಯೋಡ್‌ಗಳಲ್ಲಿ (ಹಿಗ್ಗಿಸುವ ಘಟಕಗಳಲ್ಲಿ) ಒಂದರಲ್ಲಿ, ಎಲೆಕ್ಟ್ರಾನ್‌ಗಳನ್ನು ಸೆಳೆಯುವ ಆನೋಡಿಗೆ 250 ವೋಲ್ಟ್ ಕೊಟ್ಟಾಗಲೂ, ಸಾಮಾನ್ಯವಾಗಿ ಹರಿಯುವುದು 1.2 ಮಿಲಿಆಂಪಿಯರ್. ವೋಲ್ಟೇಜನ್ನು ಹಿಗ್ಗಿಸುವುದರಲ್ಲಿ ಅದು ಗಟ್ಟಿಗ, ಭಾರ ಎಳೆಯುವ ಎತ್ತಲ್ಲ. ಪೂರ್ತಿ ವಾಲ್ವ್‌ನ ಆಂಪ್ಲಿಫೈಯರಿನಲ್ಲಿ ಈ ಭಾರಕ್ಕೆಂದು ದೊಡ್ಡ ವಾಲ್ವ್‌ಗಳನ್ನೂ, ಅವುಗಳ ಸಾವಿರಾರು ಓಮ್‌ಗಳನ್ನು 8 ಓಮ್‌ನೊಂದಿಗೆ ಹೊಂದಿಸುವ ತೂಕದ, ದುಬಾರಿಯಾದ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಹಾಕುತ್ತಾರೆ. ಇಲ್ಲಿ ಆ ಕೆಲಸವನ್ನು ಮಾಸ್ಫೆಟ್‌ಗಳು ಮಾಡುತ್ತವೆ: ವಾಲ್ವ್ ಕೊಟ್ಟ ವೋಲ್ಟೇಜನ್ನು ಹೆಚ್ಚುಕಡಿಮೆ ಇದ್ದಂತೆಯೇ ಉಳಿಸಿಕೊಂಡು, ಕರೆಂಟನ್ನು ಮಾತ್ರ ಒದಗಿಸುತ್ತವೆ.

ರಿಲೇ ಟಕ್ಕೆಂದಿತು, ಈಗ ಹಾಡು ಕೇಳುತ್ತಿದೆ. ವಾಲ್ವ್‌ನ ಧ್ವನಿ ‘ಬೆಚ್ಚಗೆ’ ಎನ್ನುವುದಕ್ಕೆ ಒಂದು ಕಾರಣ ಎರಡನೆಯ ಹಾರ್ಮೋನಿಕ್, ಅಂದರೆ ಹಾಡಿದ ಸ್ವರವೇ ಮೇಲಿನ ಸ್ಥಾಯಿಯಲ್ಲಿ ಮೆಲ್ಲಗೆ ಜೊತೆಗೂಡುವುದು. ಲೆಕ್ಕಕ್ಕೆ ಅದು ದೋಷವೇ, ಆದರೆ ನನ್ನ ಕಿವಿಗೆ ಒಪ್ಪುವ ದೋಷ.

ಎಲ್ಲ ಹೈಬ್ರಿಡ್‌ಗಳೂ ಹೀಗಿಲ್ಲ. 1970ರ ದಶಕದ ಮ್ಯೂಸಿಕ್ ಮ್ಯಾನ್ ಗಿಟಾರ್ ಆಂಪ್ಲಿಫೈಯರುಗಳಲ್ಲಿ ಮುಂದೆ ಟ್ರಾನ್ಸಿಸ್ಟರ್, ಕೊನೆಯಲ್ಲಿ ವಾಲ್ವ್ ಇದ್ದವು. ನಾನು ಮೊದಲು ಕೊಂಡ ಅಗ್ಗದ ಕಿಟ್‌ನಲ್ಲಂತೂ ವಾಲ್ವ್‌ನ ಬುಡದಲ್ಲೊಂದು ಕಿತ್ತಳೆ ಬಣ್ಣದ ಎಲ್‌ಇಡಿ ಇತ್ತು. ಅದರ ತಂತಿ ಕಿತ್ತಾಗ ನಾನು ಮೆಚ್ಚಿದ್ದ ಹೊಳಪಿನ ಬಹುಪಾಲು ಆರಿಹೋಯಿತು. ಆನೋಡಿಗೆ ಬರುತ್ತಿದ್ದುದು ಬರೀ 12 ವೋಲ್ಟ್. ಹಾಗೆಂದು 12 ವೋಲ್ಟ್ ಎಂದರೆ ಮೋಸವೆಂದೂ ಅಲ್ಲ: 1950ರ ದಶಕದ ಕೊನೆಯ ಅಮೆರಿಕದ ಕಾರ್ ರೇಡಿಯೊಗಳಲ್ಲಿ ಬ್ಯಾಟರಿಯ 12 ವೋಲ್ಟಿನಲ್ಲೇ ದುಡಿಯುವಂತೆ ರೂಪಿಸಿದ ವಾಲ್ವ್‌ಗಳಿದ್ದವು, ಸ್ಪೀಕರನ್ನು ನಡೆಸಲು ಕೊನೆಯಲ್ಲೊಂದು ಪವರ್ ಟ್ರಾನ್ಸಿಸ್ಟರ್ ಇರುತ್ತಿತ್ತು.

ವಾಲ್ವ್ ಒಂದು ಯುಗ, ಟ್ರಾನ್ಸಿಸ್ಟರ್ ಇನ್ನೊಂದು ಯುಗ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ರೇಡಿಯೊ ವಾಲ್ವ್‌ಗಳನ್ನು ತಯಾರಿಸತೊಡಗಿದ್ದು 1961ರಲ್ಲಿ, ಟ್ರಾನ್ಸಿಸ್ಟರಿನಂಥ ಜರ್ಮೇನಿಯಂ ಅರೆವಾಹಕ ಸಾಧನಗಳನ್ನು 1962ರಲ್ಲಿ. ನಡುವೆ ಇದ್ದದ್ದು ಒಂದೇ ವರ್ಷ.

ಈಗ ಸ್ವಿಚ್ ಆರಿಸುತ್ತೇನೆ. ಒಳಗಿನ ಜೋಡಣೆಯನ್ನು ತೋರಿಸುವ ಮೊದಲು ಪ್ಲಗ್ ಕಿತ್ತು, ಕೆಪಾಸಿಟರಿನಲ್ಲಿ ಉಳಿದಿರುವ ವೋಲ್ಟೇಜ್ ಪೂರ್ತಿ ಇಳಿದಿದೆಯೇ ಎಂದು ಮೀಟರ್ ಹಿಡಿದು ನೋಡುತ್ತೇನೆ. ಅಲ್ಲಿಯವರೆಗೆ ಒಳಗೆ ಕೈ ಹಾಕುವುದಿಲ್ಲ.