ಪಾಸ್‌ವರ್ಡ್ ಮತ್ತೆ ಮತ್ತೆ ಕೇಳುವ ಬ್ರೌಸರ್

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಇಮೇಲ್ ನೋಡೋಣವೆಂದು ಕಂಪ್ಯೂಟರ್ ಮುಂದೆ ಕೂತಿರಿ. ಪಾಸ್‌ವರ್ಡ್ ಕೇಳಿತು, ಕೊಟ್ಟಿರಿ. ‘ನನ್ನನ್ನು ನೆನಪಿಟ್ಟುಕೋ’ ಎನ್ನುವ ಚೌಕದಲ್ಲಿ ಗುರುತನ್ನೂ ಹಾಕಿದಿರಿ. ಊಟ ಮುಗಿಸಿ ಬಂದು ಬ್ರೌಸರ್ ತೆರೆದರೆ ಮತ್ತೆ ಪಾಸ್‌ವರ್ಡ್, ಅದರ ಹಿಂದೆಯೇ ಮೊಬೈಲಿಗೆ ಒಟಿಪಿ. ಪೇಟೆಯಲ್ಲಿದ್ದವರಿಗೆ ಇದು ಬರೀ ಕಿರಿಕಿರಿ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಆ ಒಂದು ಒಟಿಪಿಗಾಗಿ ಫೋನ್ ಹಿಡಿದು ಅಂಗಳ ದಾಟಿ ಗುಡ್ಡ ಹತ್ತಬೇಕು. ಹತ್ತಿ ಇಳಿಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ.

ನನಗೆ ಹೆಚ್ಚು ಚಿಂತೆ ಹಿಡಿಸುವುದು ಇದರ ಮುಂದಿನ ಹೆಜ್ಜೆ. ದಿನವೂ ಹೀಗಾದಾಗ ಹಿರಿಯರು ‘ನನಗೇ ಮರೆವು ಬಂತು’ ಎಂದುಕೊಳ್ಳುತ್ತಾರೆ. ಸುಲಭವಾಗಲಿ ಎಂದು ಪಾಸ್‌ವರ್ಡನ್ನು ಮೊಮ್ಮಗಳ ಹೆಸರು, ಅದರ ಮುಂದೆ ಒಂದು ಎರಡು ಮೂರು ಎಂದು ಬದಲಿಸುತ್ತಾರೆ. ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರೆಯುತ್ತಿರುವುದು ನೀವಲ್ಲ, ನಿಮ್ಮ ಬ್ರೌಸರ್. ಹೆಚ್ಚಿನ ಸಲ ಅದು ಮರೆಯುವುದು ಯಾರೋ ಎಂದೋ ಅದಕ್ಕೆ ಹಾಗೆ ಹೇಳಿಟ್ಟಿರುವುದರಿಂದ.

ವೆಬ್ ಕಟ್ಟಿರುವ ರೀತಿಯಲ್ಲೇ ನೆನಪೆಂಬುದಿಲ್ಲ. ನೀವು ಒಂದು ಪುಟ ಕೇಳುತ್ತೀರಿ, ಸರ್ವರ್, ಅಂದರೆ ಆ ವೆಬ್‌ಸೈಟನ್ನು ಇಟ್ಟಿರುವ ದೂರದ ಕಂಪ್ಯೂಟರ್, ಕೊಡುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಮುಂದಿನ ಪುಟ ಕೇಳುವಾಗ ನೀವು ಅದಕ್ಕೆ ಅಪರಿಚಿತರೇ. 1994ರಲ್ಲಿ ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್ ಕಂಪನಿಗೆ ಇದೇ ತೊಡಕು ಎದುರಾಯಿತು. ಆನ್‌ಲೈನ್ ಅಂಗಡಿ ತೆರೆಯಲು ಹೊರಟಿದ್ದ ಎಂಸಿಐ ಎಂಬ ಅಮೆರಿಕದ ಕಂಪನಿಗೆ, ಗಿರಾಕಿಗಳ ಅರ್ಧಕ್ಕೆ ನಿಂತ ಖರೀದಿಯ ಲೆಕ್ಕವನ್ನೆಲ್ಲ ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳಲು ಮನಸ್ಸಿರಲಿಲ್ಲ. ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ ಎಂಬ ಯುವ ಇಂಜಿನಿಯರ್ ಆಗ ಒಂದು ಉಪಾಯ ಕಂಡುಹಿಡಿದರು. ವೆಬ್‌ಸೈಟು ಒಂದು ಚಿಕ್ಕ ಬರಹವನ್ನು ಬ್ರೌಸರಿಗೆ ಕೊಡುವುದು, ಬ್ರೌಸರ್ ಅದನ್ನು ಜೋಪಾನವಾಗಿಟ್ಟು ಪ್ರತಿ ಸಲವೂ ತೋರಿಸುವುದು. ಅದೇ ಕುಕೀ.

ದೊಡ್ಡ ದೇವಸ್ಥಾನಗಳಲ್ಲಿ ಚಪ್ಪಲಿ ಬಿಡುವಾಗ ಟೋಕನ್ ಕೊಡುತ್ತಾರಲ್ಲ, ಲಾಗಿನ್ ಕುಕೀಯೂ ಅಂಥದ್ದೇ. ಟೋಕನ್ ಮೇಲೆ ನಿಮ್ಮ ಹೆಸರಿಲ್ಲ, ಊರಿಲ್ಲ, ಒಂದು ಸಂಖ್ಯೆ ಮಾತ್ರ. ಕುಕೀಯಲ್ಲಿಯೂ ಸಾಮಾನ್ಯವಾಗಿ ನಿಮ್ಮ ಪಾಸ್‌ವರ್ಡ್ ಇರುವುದಿಲ್ಲ. ಉದ್ದನೆಯ, ಊಹಿಸಲಾಗದ ಒಂದು ಸಂಖ್ಯೆ ಇರುತ್ತದೆ. ಅದನ್ನು ತೋರಿಸಿದವರು ಯಾರೆಂದು ಸರ್ವರ್ ತನ್ನ ಪಟ್ಟಿಯಲ್ಲಿ ನೋಡಿಕೊಳ್ಳುತ್ತದೆ. ಟೋಕನ್ ಎಸೆದುಬಿಟ್ಟರೆ ಮತ್ತೆ ಮೊದಲಿನಿಂದ ಗುರುತು ಹೇಳಿಕೊಳ್ಳಬೇಕು. ಪದೇ ಪದೇ ಲಾಗಿನ್ ಕೇಳುವ ಹೆಚ್ಚಿನ ಪ್ರಕರಣಗಳಲ್ಲಿ ಆಗುವುದು ಇಷ್ಟೇ.

ಎಸೆಯುತ್ತಿರುವವರು ಯಾರೆಂದು ಈಗ ಹುಡುಕೋಣ. ಹತ್ತಿರದಲ್ಲಿ ಕಾಗದ, ಪೆನ್ನು ಇದ್ದರೆ ಬರೆದುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ.

ಮೊದಲ ಅನುಮಾನ, ಬ್ರೌಸರ್ ಮುಚ್ಚಿದ ಕೂಡಲೇ ಕುಕೀಗಳನ್ನು ಅಳಿಸುವ ಆಯ್ಕೆಯ ಮೇಲೆ. ಕ್ರೋಮ್‌ನಲ್ಲಿ ಬಲಗಡೆ ಮೇಲೆ ಮೂರು ಚುಕ್ಕಿ ಇವೆ. ಅದನ್ನು ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್. ಕೆಳಗೆ ಸರಿದರೆ ಅಡಿಷನಲ್ ಕಂಟೆಂಟ್ ಸೆಟ್ಟಿಂಗ್ಸ್, ಅದನ್ನು ಬಿಡಿಸಿದರೆ ಆನ್ ಡಿವೈಸ್ ಸೈಟ್ ಡೇಟಾ. ಇಲ್ಲಿ ಮೂರು ಆಯ್ಕೆಗಳಿವೆ. ‘ಎಲ್ಲ ಕಿಟಕಿ ಮುಚ್ಚಿದಾಗ ಅಳಿಸು’ ಎಂಬರ್ಥದ ಸಾಲಿನಲ್ಲಿ ಗುರುತು ಇದ್ದರೆ ಕಳ್ಳ ಸಿಕ್ಕಿದ ಹಾಗೆಯೇ. ಸೈಟುಗಳಿಗೆ ಮಾಹಿತಿ ಉಳಿಸಲು ಅನುಮತಿಸುವ ಮೊದಲನೆಯ ಆಯ್ಕೆಗೆ ಬದಲಿಸಿ. ನಿಮ್ಮ ಬ್ರೌಸರ್ ಹಳೆಯದಾಗಿದ್ದರೆ ಪದಗಳಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು. ಸೆಟ್ಟಿಂಗ್ಸ್ ಪುಟದ ಮೇಲಿರುವ ಹುಡುಕುವ ಜಾಗದಲ್ಲಿ ಕುಕೀಸ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ದಾರಿ ಸಿಗುತ್ತದೆ.

ಫೈರ್‌ಫಾಕ್ಸ್ ಬಳಸುವವರು ಸೆಟ್ಟಿಂಗ್ಸ್‌ನ ಪ್ರೈವೆಸಿ ಅಂಡ್ ಸೆಕ್ಯುರಿಟಿಯಲ್ಲಿ ಕುಕೀಸ್ ಅಂಡ್ ಸೈಟ್ ಡೇಟಾ ನೋಡಿ. ಫೈರ್‌ಫಾಕ್ಸ್ ಮುಚ್ಚಿದಾಗ ಕುಕೀ ಅಳಿಸುವ ಚೌಕದಿಂದ ಗುರುತು ತೆಗೆಯಿರಿ. ಅದೇ ಪುಟದ ಹಿಸ್ಟರಿ ಭಾಗದಲ್ಲಿ ‘ನೆವರ್ ರಿಮೆಂಬರ್ ಹಿಸ್ಟರಿ’ ಎಂದಿದ್ದರೆ ಅದೂ ತೊಂದರೆಯೇ. ಆಗ ಬ್ರೌಸರ್ ಸದಾಕಾಲ, ಮುಚ್ಚಿದೊಡನೆ ಎಲ್ಲ ಮರೆಯುವ ಖಾಸಗಿ ಕಿಟಕಿಯ ಹಾಗೆ ನಡೆದುಕೊಳ್ಳುತ್ತದೆ. ಐಫೋನ್‌ನವರು ಸಫಾರಿಯ ಸೆಟ್ಟಿಂಗ್ಸ್‌ನಲ್ಲಿ ‘ಬ್ಲಾಕ್ ಆಲ್ ಕುಕೀಸ್’ ಆನ್ ಆಗಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಇಷ್ಟು ಮಾಡಿಯೂ ಸರಿಹೋಗದಿದ್ದರೆ, ‘ಕಂಪ್ಯೂಟರ್ ಕ್ಲೀನ್ ಮಾಡುತ್ತೇವೆ, ವೇಗ ಹೆಚ್ಚಿಸುತ್ತೇವೆ’ ಎನ್ನುವ ತಂತ್ರಾಂಶಗಳ ಕಡೆ ನೋಡಿ. ಇವು ಕಸದ ಜೊತೆ ಕುಕೀಗಳನ್ನೂ ಗುಡಿಸಿ ಹಾಕುತ್ತವೆ. ಕುಕೀ ಅಳಿಸುವುದರಿಂದ ಯಂತ್ರ ವೇಗವಾಗುತ್ತದೆ ಎಂಬ ನಂಬಿಕೆ ಬಿಡಿ. ಕುಕೀ ಒಂದೊಂದೂ ಹೆಚ್ಚೆಂದರೆ ನಾಲ್ಕು ಕಿಲೋಬೈಟ್ ಅಷ್ಟೆ. ಜಾಗ ಬೇಕಿದ್ದರೆ ಬ್ರೌಸಿಂಗ್ ಡೇಟಾ ಅಳಿಸುವ ಪುಟದಲ್ಲಿ ಕುಕೀಗಳ ಗುರುತು ತೆಗೆದು, ಉಳಿಸಿಟ್ಟ ಚಿತ್ರ ಮತ್ತು ಫೈಲುಗಳನ್ನು ಮಾತ್ರ ಅಳಿಸಿ.

ಮೊಬೈಲಿನಲ್ಲಿ ಇನ್ನೊಂದು ತೊಡಕು ಇದೆ, ಇದು ಬಹಳ ಜನರ ಗಮನಕ್ಕೇ ಬರುವುದಿಲ್ಲ. ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಬಂದ ಲಿಂಕ್ ಒತ್ತಿದರೆ ಪುಟ ಆ ಆ್ಯಪ್‌ನ ಒಳಗೇ ತೆರೆದುಕೊಳ್ಳುತ್ತದೆ. ಕ್ರೋಮ್‌ನಲ್ಲಿರುವ ನಿಮ್ಮ ಕುಕೀ ಅಲ್ಲಿಗೆ ಸಿಗುವುದಿಲ್ಲ, ಹಾಗಾಗಿ ಲಾಗಿನ್ ಕೇಳುತ್ತದೆ. ಮೂಲೆಯ ಚುಕ್ಕಿಗಳನ್ನು ಒತ್ತಿ, ಹೊರಗಿನ ಬ್ರೌಸರಿನಲ್ಲಿ ತೆರೆಯುವ ಆಯ್ಕೆ ಆರಿಸಿ. ಇನ್‌ಕಾಗ್ನಿಟೊ, ಅಂದರೆ ಕ್ರೋಮ್‌ನ ಖಾಸಗಿ ಕಿಟಕಿಯೂ ಹಾಗೆಯೇ. ಮುಚ್ಚಿದೊಡನೆ ಎಲ್ಲವನ್ನೂ ಮರೆಯಲೆಂದೇ ಅದನ್ನು ಮಾಡಿರುವುದು.

ಗಡಿಯಾರವನ್ನೂ ಒಮ್ಮೆ ನೋಡಿಬಿಡಿ. ಹಳೆಯ ಡೆಸ್ಕ್‌ಟಾಪ್‌ನ ಒಳಗಿನ ಚಿಕ್ಕ ಗುಂಡು ಸೆಲ್ಲು ಸತ್ತರೆ ತಾರೀಕು ತಪ್ಪುತ್ತದೆ. ಕುಕೀಗೆ ಮುಗಿಯುವ ದಿನಾಂಕ ಬರೆದಿರುತ್ತಾರೆ, ತಾರೀಕು ಮುಂದಕ್ಕೆ ಓಡಿದ್ದರೆ ಅವಧಿ ಮುಗಿಯಿತೆಂದು ಬ್ರೌಸರ್ ಅದನ್ನು ಬಿಸಾಡಬಹುದು.

ಕೆಲವರು ಕೇಳುತ್ತಾರೆ: ಕುಕೀ ನಮ್ಮನ್ನು ಹಿಂಬಾಲಿಸುತ್ತದಂತೆ, ಎಲ್ಲವನ್ನೂ ತಡೆಯುವುದೇ ಒಳ್ಳೆಯದಲ್ಲವೇ? ಹಿಂಬಾಲಿಸುವ ಮಾತು ನಿಜ. ಆದರೆ ಎರಡು ಬಗೆಯ ಕುಕೀಗಳನ್ನು ಬೇರೆ ಮಾಡಿ ನೋಡಬೇಕು. ನೀವು ತೆರೆದ ಸೈಟು ತಾನೇ ಇಡುವುದು ಒಂದು. ಲಾಗಿನ್ ನಿಂತಿರುವುದು ಇದರ ಮೇಲೆ. ಅದೇ ಪುಟದಲ್ಲಿ ಜಾಹೀರಾತು ಹಾಕಿದ ಮೂರನೆಯವರು ಇಡುವುದು ಇನ್ನೊಂದು. ಹತ್ತಾರು ಸೈಟುಗಳಲ್ಲಿ ನಿಮ್ಮ ಬೆನ್ನು ಹತ್ತುವುದು ಈ ಎರಡನೆಯದು, ಅದನ್ನು ಥರ್ಡ್ ಪಾರ್ಟಿ ಕುಕೀ ಎನ್ನುತ್ತಾರೆ. ಸಫಾರಿ 2020ರಿಂದಲೇ ಇವನ್ನು ತಾನಾಗಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ಸೈಟಿನ ಕುಕೀಗಳನ್ನು ಬೇರೆ ಬೇರೆ ಇಡುತ್ತಿದೆ. ಕ್ರೋಮ್‌ನವರು ತೆಗೆದುಹಾಕುತ್ತೇವೆಂದು 2020ರಲ್ಲಿ ಹೇಳಿ, 2024ರಲ್ಲಿ ಆ ಮಾತಿನಿಂದ ಹಿಂದೆ ಸರಿದರು. ಹಾಗಾಗಿ ಕ್ರೋಮ್‌ನಲ್ಲಿ ಇದನ್ನು ನೀವೇ ತಡೆಯಬೇಕು, ತಡೆಯಿರಿ ಎಂದೇ ನನ್ನ ಸಲಹೆ. ಪ್ರೈವೆಸಿ ಅಂಡ್ ಸೆಕ್ಯುರಿಟಿಯಲ್ಲೇ ಥರ್ಡ್ ಪಾರ್ಟಿ ಕುಕೀಸ್ ಎಂಬ ಪುಟ ಇದೆ. ತಡೆದ ಮೇಲೆ ಯಾವುದಾದರೂ ಒಂದು ಸೈಟಿನ ಲಾಗಿನ್ ಕೆಟ್ಟರೆ, ಅದೊಂದನ್ನು ಅಲ್ಲೇ ಕೆಳಗಿನ ವಿನಾಯಿತಿ ಪಟ್ಟಿಗೆ ಸೇರಿಸಿ.

ಬ್ಯಾಂಕಿನ ಸೈಟು ಕೆಲವೇ ನಿಮಿಷ ಸುಮ್ಮನಿದ್ದರೆ ಹೊರಗೆ ಹಾಕುತ್ತದೆ. ಅದು ನಿಮ್ಮ ಹಣ ಕಾಯಲು ಅವರೇ ಇಟ್ಟ ಕಾವಲು. ಅದನ್ನು ಯಾವ ಸೆಟ್ಟಿಂಗಿನಿಂದಲೂ ಸರಿಪಡಿಸಬೇಕಾಗಿಲ್ಲ.

ಕೊನೆಗೆ, ಟೋಕನ್ ಬೇರೆಯವರ ಕೈ ಸೇರಿದರೆ ಏನಾಗುತ್ತದೆ ಎಂಬುದನ್ನು ಹೇಳಲೇಬೇಕು. ಕುಕೀ ಕದ್ದವನಿಗೆ ಪಾಸ್‌ವರ್ಡ್ ಬೇಕಿಲ್ಲ, ಒಟಿಪಿಯೂ ಬೇಕಿಲ್ಲ. ನೀವು ಆಗಲೇ ಒಳಗಿದ್ದೀರಿ ಎಂದೇ ಸರ್ವರ್ ತಿಳಿಯುತ್ತದೆ. ಕುಕೀಗಳನ್ನೇ ಕದಿಯುವ ದುಷ್ಟ ತಂತ್ರಾಂಶಗಳಿವೆ. ಪುಕ್ಕಟೆಗೆ ಸಿಗುವ ಕಳ್ಳ ಸಾಫ್ಟ್‌ವೇರ್, ಬ್ರೌಸರಿಗೆ ಸೇರಿಸುವ ಗುರುತಿಲ್ಲದ ಎಕ್ಸ್‌ಟೆನ್ಷನ್ ಎಂಬ ಪುಟ್ಟ ತಂತ್ರಾಂಶ ಹಾಕಿಕೊಂಡರೆ ಅವು ಒಳಗೆ ಬರುತ್ತವೆ. ಆದ್ದರಿಂದ ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಮ್ಮ ಸ್ವಂತ, ಬೀಗವಿರುವ ಫೋನಿಗೆ, ಕಂಪ್ಯೂಟರಿಗೆ ಮಾತ್ರ. ಸೈಬರ್ ಸೆಂಟರಿನಲ್ಲಿ, ಗ್ರಂಥಾಲಯದಲ್ಲಿ, ಕಚೇರಿಯ ಎಲ್ಲರೂ ಬಳಸುವ ಯಂತ್ರದಲ್ಲಿ ನೆನಪಿಟ್ಟುಕೋ ಚೌಕ ಮುಟ್ಟಬೇಡಿ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಕೆಲಸ ಮಾಡಿ, ಲಾಗೌಟ್ ಒತ್ತಿ, ಕಿಟಕಿ ಮುಚ್ಚಿ ಏಳಿ. ಎಲ್ಲೋ ಲಾಗೌಟ್ ಮಾಡದೆ ಬಂದ ಅನುಮಾನವಿದ್ದರೆ, ನಿಮ್ಮ ಗೂಗಲ್ ಖಾತೆಯ ಸೆಕ್ಯುರಿಟಿ ಭಾಗದಲ್ಲಿ ‘ಯುವರ್ ಡಿವೈಸಸ್’ ತೆರೆಯಿರಿ. ಗುರುತಿಲ್ಲದ ಯಂತ್ರ ಕಂಡರೆ ಅಲ್ಲಿಂದಲೇ ಸೈನ್ ಔಟ್ ಮಾಡಿ, ನಂತರ ಪಾಸ್‌ವರ್ಡ್ ಬದಲಿಸಿ. ಆ ಯಂತ್ರದಲ್ಲಿ ಉಳಿದಿರುವ ಕುಕೀ ಆಮೇಲೆ ಕೆಲಸಕ್ಕೆ ಬರುವುದಿಲ್ಲ.

ನಮಸ್ಕಾರ.