ಬೇಲಿಯೇ ಎದ್ದು ಬ್ಯಾಟರಿ ಮೇಯ್ದಾಗ

ಇದು ಚಿಕ್ಕಮಗಳೂರಿನ ಕೈಮರದ ಹತ್ತಿರ ದೊಡ್ಡಪ್ಪನ ತೋಟದ ಕಾಫಿ ಕಣ. ಮೂಲೆಯಲ್ಲಿ ನಿಂತಿರುವುದು ನನ್ನ ಓಮ್ನಿ. ಹಿಂದಿನ ಸೀಟು ಕಿತ್ತು ಹಲಗೆ ಮಂಚ ಹಾಕಿಸಿದ್ದೇನೆ, ಒಂದು ಸಣ್ಣ ಗ್ಯಾಸ್ ಸ್ಟೌ ಇದೆ. ಇಷ್ಟೇ ನಮ್ಮ ಕ್ಯಾಂಪರ್ ವ್ಯಾನ್. ಬೆಂಗಳೂರಿಂದ ಬಂದಾಗ ಮುಳ್ಳಯ್ಯನಗಿರಿ ಕಡೆ ಒಂದು ಸುತ್ತು. ಉಳಿದ ದಿನ ಗಾಡಿ ಇಲ್ಲೇ.

"ಇಲ್ಲಿ ಯಾವ ಕಳ್ಳ ಬರ್ತಾನೋ" ಅಂತ ದೊಡ್ಡಪ್ಪ ನಗುತ್ತಿದ್ದರು. ನಾನು ಕೇಳಲಿಲ್ಲ. ಕಳ್ಳರ ಅಲಾರಂ ಮಾಡಿದೆ: ಒಂದು ಆರ್ಡುಯಿನೋ ಊನೋ ಬೋರ್ಡು (ನಾವೇ ಪ್ರೋಗ್ರಾಂ ಬರೆದು ಹಾಕಬಹುದಾದ ಪುಟ್ಟ ಕಂಪ್ಯೂಟರ್), ಬಾಗಿಲಿಗೆ ಮ್ಯಾಗ್ನೆಟ್ ಸ್ವಿಚ್ಚು, ಒಂದು ಸೈರನ್. ಗಾಡಿ ಬ್ಯಾಟರಿಗೇ ಜೋಡಿಸಿ ಹೊರಟುಹೋದೆ.

ಮೂರು ವಾರ ಬಿಟ್ಟು ಬಂದು ಕೀ ತಿರುಗಿಸಿದರೆ ಬರೀ 'ಟಕ್'. ತೋಟದ ಆಳುಗಳು ಇಳಿಜಾರಿಗೆ ತಳ್ಳಿಕೊಟ್ಟರು, ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಿದೆ.

ಲೆಕ್ಕ ಹಾಕಿ ನೋಡಿ. ಆ ಬೋರ್ಡು ಸುಮ್ನೆ ಕೂತರೂ ಸುಮಾರು 50 ಮಿಲಿ ಆಂಪಿಯರ್ ಎಳೆಯುತ್ತದೆ. ದಿನಕ್ಕೆ 1.2 ಆಂಪಿಯರ್ ಅವರ್. ಮೂರು ವಾರಕ್ಕೆ 25. ನನ್ನ ಬ್ಯಾಟರಿ ಇರುವುದೇ 35! ಬೋರ್ಡಿನ ಮುಖ್ಯ ಚಿಪ್ಪನ್ನು ನಿದ್ದೆಗೆ ಕಳಿಸಿದರೂ ಜಾಸ್ತಿ ಉಳಿಯುವುದಿಲ್ಲ, ವೋಲ್ಟೇಜ್ ಇಳಿಸಿಕೊಡುವ ರೆಗ್ಯುಲೇಟರ್, ಯುಎಸ್‌ಬಿ ಚಿಪ್ಪು, ಆ ಹಾಳು ಎಲ್ಇಡಿ ಎಲ್ಲ ಎಚ್ಚರವಾಗೇ ಇರುತ್ತವೆ.

ಈ ಸಲ ಪ್ರೋ ಮಿನಿ ತಂದೆ, ಅದೇ ಆರ್ಡುಯಿನೋ ಜಾತಿಯ ಚಿಕ್ಕ ಬೋರ್ಡು. ಸೋಲ್ಡರಿಂಗ್ ಐರನ್ ತುದಿಯಿಂದ ಎಲ್ಇಡಿ ಕೀಳುತ್ತಿರುವುದನ್ನು ನೋಡಿ, ಸಾಸಿವೆ ಕಾಳಿನಷ್ಟಿದೆ. ರೆಗ್ಯುಲೇಟರನ್ನೂ ಕಿತ್ತೆ. ಗೋಡೆ ಗಡಿಯಾರದ ಸೆಲ್ ಮೂರು ಸಾಕು. ಬಾಗಿಲು ತೆರೆದರೆ ಮಾತ್ರ ಚಿಪ್ಪು ಎಚ್ಚರಗೊಂಡು ಸೈರನ್ ಹಚ್ಚುತ್ತದೆ. ಗಾಡಿ ಬ್ಯಾಟರಿ ಬೇಕಾಗುವುದು ಆ ಸೈರನ್ನಿಗಷ್ಟೇ.

ಇನ್ನೊಂದು ಸೂಕ್ಷ್ಮ ಇದೆ. ಬಾಗಿಲು ಮುಚ್ಚಿದಷ್ಟು ಹೊತ್ತೂ ಸ್ವಿಚ್ಚಿನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. ಅದನ್ನು ತಡೆಹಿಡಿಯಲು 1 ಮೆಗಾ ಓಮ್ ರೆಸಿಸ್ಟರ್ ಹಾಕಿದೆ. ಮೀಟರ್ ಇಟ್ಟರೆ 5 ಮೈಕ್ರೋ ಆಂಪಿಯರ್. ಮೊದಲಿನದರ ಹತ್ತು ಸಾವಿರದಲ್ಲಿ ಒಂದು ಪಾಲು. ಸೆಲ್ ಖಾಲಿಯಾಗುವ ಮೊದಲು ತಾನಾಗೇ ಹಳತಾಗಿ ಹೋಗುತ್ತದೆ!

ಬೆಂಗಳೂರಿನ ಮನೆಯಲ್ಲಿ ಚೆನ್ನಾಗಿತ್ತು. ಇಲ್ಲಿ ಮಂಜು ಇಳಿದ ಬೆಳಗ್ಗೆ ಬಾಗಿಲು ತೆರೆದೆ, ಸೈರನ್ ಕಮಕ್ ಕಿಮಕ್ ಅನ್ನಲಿಲ್ಲ. ಸ್ವಿಚ್ಚಿನ ಎರಡು ತುದಿಗಳ ಮಧ್ಯೆ ಇಬ್ಬನಿ ಕೂತಿತ್ತು. ಕರೆಂಟು ಅಷ್ಟು ಕಡಿಮೆ ಇದ್ದಾಗ ಆ ತೇವವೇ ತಂತಿ ಆಗಿಬಿಡುತ್ತದೆ, ಬಾಗಿಲು ಮುಚ್ಚೇ ಇದೆ ಅಂತ ಚಿಪ್ಪು ನಂಬುತ್ತದೆ. ಮಲೆನಾಡು ಅಲ್ವಾ! ಒರೆಸಿ, ಒಣಗಿಸಿ, ತಂಗಿಯ ನೇಲ್ ಪಾಲಿಶ್ ಬಳಿದೆ. ಕೆಂಪಗೆ ಹೊಳೆಯುತ್ತಿರುವುದು ಅದೇ.

ಮಾರನೇ ದಿನ ಬೆಳಗಿನ ಜಾವ ಐದೂವರೆಗೆ ಸೈರನ್ ಕೂಗಿತು. ಆಳುಗಳ ಲೈನ್ ಮನೆಗಳ ನಾಯಿಗಳೆಲ್ಲ ಒಟ್ಟಿಗೆ ಶುರು ಮಾಡಿದವು. ಟಾರ್ಚ್ ಹಿಡಿದು ಓಡಿದರೆ ವ್ಯಾನಿನ ಬಾಗಿಲ ಬಳಿ ದೊಡ್ಡಪ್ಪ, ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು, ಇನ್ನೊಂದು ಕೈ ಕಿವಿ ಮೇಲೆ.